ಮದ್ದು ಇಟ್ಟರೂ ಇಲಿ ಯಾಕೆ ಕಮ್ಮಿ ಆಗಲ್ಲ?

ಪ್ರಶ್ನೆ: ನವಲಗುಂದದ ಹತ್ತಿರ ಎರೆ (ಕಪ್ಪು ಮಣ್ಣಿನ) ಹೊಲ. ಕಡಲೆ ಬೆಳೆ ಕಾಯಿ ಕಟ್ಟಿದೆ. ಜಿಂಕ್ ಫಾಸ್ಫೈಡ್ ಇಟ್ಟೆವು. ಎರಡು ದಿನ ಇಲಿ ಸತ್ತವು, ಈಗ ಮುಟ್ಟುತ್ತಿಲ್ಲ. ಇನ್ನೂ ಜೋರಿನ ಮದ್ದು ಹೇಳಿ ಸರ್.

ಉತ್ತರ: ಹೇಳುವುದಿಲ್ಲ. ಪ್ರತಿ ಹಿಂಗಾರಿಗೂ ಇದೇ ಪ್ರಶ್ನೆ, ಜೋರಿನ ಮದ್ದೇ ಎಲ್ಲರಿಗೂ ಬೇಕು. ಇಲಿ ಹೊಸ ತಿಂಡಿಯನ್ನು ಮೊದಲು ಚೂರೇ ತಿಂದು ನೋಡುತ್ತದೆ. ಹೊಟ್ಟೆ ಕೆಟ್ಟು ಬದುಕಿ ಉಳಿದರೆ ಮತ್ತೆ ಅದನ್ನು ಮೂಸುವುದಿಲ್ಲ. ಮದ್ದಿಲ್ಲದ ಕಾಳು ಎರಡು ಮೂರು ದಿನ ಇಟ್ಟು ರೂಢಿ ಮಾಡಿಸಬೇಕಿತ್ತು. ಅದಿರಲಿ, ಹೊಲದ ತುಂಬ ಹಸಿ ಕಡಲೆ ಇರುವಾಗ ನಿಮ್ಮ ಕಾಳು ಯಾಕೆ ತಿನ್ನಬೇಕು? ಜಿಂಕ್ ಫಾಸ್ಫೈಡಿಗೆ ಪ್ರತಿವಿಷವೂ ಇಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ ಅಲ್ವಾ?

ಈಗ ಬೋನು ಇಡಿ, ಬಿಲ ಅಗೆಯಿರಿ. ನಿಜವಾದ ಕೆಲಸ ಏಪ್ರಿಲ್, ಮೇ ತಿಂಗಳದು. ಆಗ ತಿನ್ನಲು ಇಲ್ಲ, ಮರಿ ಹಾಕುವುದೂ ಕಮ್ಮಿ. ಇಲಿ ಒಡ್ಡು, ಹಳ್ಳದ ದಂಡೆ, ಬಣವೆ ಬುಡದಲ್ಲಿ ಸೇರಿರುತ್ತವೆ. ಸಂಜೆ ಎಲ್ಲ ಬಿಲ ಮುಚ್ಚಿ. ಬೆಳಿಗ್ಗೆ ತೆರೆದದ್ದರಲ್ಲಿ ಇಲಿ ಇದೆ, ಅದನ್ನೇ ಅಗೆಯಿರಿ. ಹೆಗ್ಗಣ ಮಾತ್ರ ಒಳಗಿನಿಂದಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಬಿಲದ ಮುಂದೆ ಹಸಿ ಮಣ್ಣಿನ ಗುಡ್ಡೆ ಕಂಡರೆ ಅದನ್ನೂ ಬಿಡಬೇಡಿ. ಕೈ ಹಾಕಬೇಡಿ, ಹಾವು ಇದ್ದೀತು. ಒಡ್ಡಿನ ಮೇಲಿನ ಕಸ ತೆಗೆಯಿರಿ, ಒಡ್ಡನ್ನೇ ಕಿತ್ತು ಹಾಕಬೇಡಿ. ಒಣ ಬೇಸಾಯದಲ್ಲಿ ನೀರು ನಿಲ್ಲುವುದು ಅದರಿಂದಲೇ.

ಒಬ್ಬರೇ ಮಾಡಿದರೆ ಸುಮ್ನೆ ದುಡಿದಂತೆ. ಹೊಲದ ಬಿರುಕುಗಳೇ ಇಲಿಗೆ ಮನೆ. ನಿಮ್ಮದು ಖಾಲಿಯಾದರೆ ಪಕ್ಕದ ಹೊಲದವು ಬಂದು ಸೇರುತ್ತವೆ. ಗರ್ಭ ಮೂರು ವಾರ, ಸೂಲಿಗೆ ಆರೆಂಟು ಮರಿ. ಅಕ್ಕಪಕ್ಕದವರೆಲ್ಲ ಒಂದೇ ವಾರ ಇಳಿಯಿರಿ. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಬೇರೆ ದಾರಿ ಇಲ್ಲ.

ಪ್ರಶ್ನೆ: ಶೇಂಗಾ ಹೊಲದ ಬಿಲಕ್ಕೆ ಥಿಮ್ಮೆಟ್ ಹಾಕಬಹುದೇ? (ಗದಗ)

ಉತ್ತರ: ಬೇಡ. ಅದರಲ್ಲಿರುವ ಫೋರೇಟ್ ಎಂಬ ಕೀಟನಾಶಕ 2020ರ ಡಿಸೆಂಬರ್ 31ರಿಂದ ನಿಷೇಧ. ಹಾಕು ಎಂದ ಅಂಗಡಿಯವರ ಮಾತು ಕೇಳಬೇಡಿ.

ಪ್ರಶ್ನೆ: ಶಬ್ದದ ಯಂತ್ರ ಇಟ್ಟರೆ ಇಲಿ ಓಡುತ್ತವಂತೆ? (ಹುಬ್ಬಳ್ಳಿ)

ಉತ್ತರ: ದುಡ್ಡು ದಂಡ. ಇಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಪ್ರಶ್ನೆ: ಗೋವಿನಜೋಳದ ಹೊಲಕ್ಕೆ ಗೂಬೆ ಬರುತ್ತಿದೆ. ಅಪಶಕುನ ಅಂತಾರೆ, ಓಡಿಸಬೇಕಾ? (ಹಾವೇರಿ)

ಉತ್ತರ: ಯಾರು ಹೇಳಿದರೂ ಓಡಿಸಬೇಡಿ. ಕಣಜ ಗೂಬೆಯ ಮುಖ್ಯ ಊಟವೇ ಇಲಿ. ಕೂರಲು ಟಿ ಆಕಾರದ ಕೋಲು ನೆಡಿ. ಕೇರೆ ಹಾವನ್ನೂ ಹೊಡೆಯಬೇಡಿ. ಗೂಬೆ ಬರುವ ಹೊಲದಲ್ಲಿ ಬ್ರೋಮಾಡಿಯೋಲೋನ್ ಎಂಬ ಇಲಿ ಮದ್ದು ಇಡಬೇಡಿ. ಅದನ್ನು ತಿಂದ ಇಲಿ ಕೆಲವು ದಿನ ಬಿಟ್ಟು ಸಾಯುತ್ತದೆ, ಅಷ್ಟರಲ್ಲಿ ಗೂಬೆ ಹಿಡಿದು ತಿಂದರೆ ಅದಕ್ಕೂ ವಿಷ ಏರುತ್ತದೆ.