‘ರಾಶೋಮನ್’ ಡಿಸ್ಕಿನಲ್ಲಿ ಕಡೋಕಾವಾ ಹೆಸರು: ನಕಲಿಯೇ?

ಜಪಾನಿನ ನಿರ್ದೇಶಕ ಅಕಿರಾ ಕುರೋಸಾವಾರ ಚಿತ್ರ ‘ರಾಶೋಮನ್’ ದಾಯೇಯ್ ಸ್ಟುಡಿಯೋದ್ದು. ಆದರೆ ಡಿಸ್ಕಿನ ಹಿಂಬದಿಯಲ್ಲಿ ಕಡೋಕಾವಾ ಎಂಬ ಬೇರೊಂದು ಜಪಾನಿ ಸಂಸ್ಥೆಯ ಹೆಸರು ಕಂಡರೆ, ಡಿಸ್ಕ್ ನಕಲಿಯೇ ಎಂಬ ಅನುಮಾನ ಬರಬಹುದು. ಹಕ್ಕು ಕೈಬದಲಾಗಿದ್ದೇ ಆ ಹೆಸರಿಗೆ ಕಾರಣ. 1942ರಲ್ಲಿ, ಯುದ್ಧಕಾಲದ ಸರ್ಕಾರ ಚಿತ್ರಸಂಸ್ಥೆಗಳನ್ನು ಒಗ್ಗೂಡಿಸಿದಾಗ ಹುಟ್ಟಿದ ದಾಯೇಯ್ 1971ರಲ್ಲಿ ದಿವಾಳಿಯಾಯಿತು. 1974ರಲ್ಲಿ ತೊಕುಮಾ ಪ್ರಕಾಶನ ಕೊಂಡಿತು, 2002ರಲ್ಲಿ ಕಡೋಕಾವಾ. ಹಳೆಯ ಚಿತ್ರಗಳೂ ಜೊತೆಗೇ ಹೋದವು.

ಆದರೆ ಹೆಸರು ಸರಿಯಿದ್ದ ಮಾತ್ರಕ್ಕೆ ಡಿಸ್ಕ್ ಅಸಲಿ ಎನ್ನಲಾಗದು, ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಮೊದಲು ಅವಧಿ ನೋಡಿ: ಸುಮಾರು 88 ನಿಮಿಷ ಇರಬೇಕು. ಯುರೋಪಿನ, ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಾದರೆ 84-85 ಬಂದರೂ ಗಾಬರಿ ಬೇಡ, ಸೆಕೆಂಡಿಗೆ 24 ಫ್ರೇಮಿನ ಚಿತ್ರ ಅದರಲ್ಲಿ 25ರಂತೆ ಓಡುತ್ತದೆ. ಆಮೇಲೆ ಚಿತ್ರದ ಆಕಾರ. ಎಡಬಲದಲ್ಲಿ ಕಪ್ಪುಪಟ್ಟಿ ಇದ್ದು, ನಡುವೆ ಹೆಚ್ಚುಕಡಿಮೆ ಚೌಕಾಕಾರದ ಚಿತ್ರ ಕಾಣಬೇಕು. ಟಿವಿ ಪೂರ್ತಿ ತುಂಬಿದ್ದರೆ ಮೊದಲು ಟಿವಿಯ ಝೂಮ್ ಆಫ್ ಮಾಡಿ. ಆಗಲೂ ತುಂಬಿಯೇ ಇದ್ದು, ತಲೆಗಳು ಕತ್ತರಿಸಿ ಹೋಗಿದ್ದರೆ ಅಥವಾ ಮುಖಗಳು ಅಗಲವಾಗಿದ್ದರೆ ಹಿಂತಿರುಗಿಸಿ. ಕೊನೆಗೆ, 2008ರ ಮರುಸ್ಥಾಪಿತ (ಹಳೆಯ ಚಿತ್ರವನ್ನು ಸರಿಪಡಿಸಿದ) ಪ್ರತಿ ಎಂದು ಬರೆದಿದೆಯೇ ನೋಡಿ. ಅದೇ ಕೊಳ್ಳಬೇಕಾದ ಪ್ರತಿ.

ಕುರೋಸಾವಾರ ‘ಸೆವೆನ್ ಸಮುರಾಯ್’ ಮೇಲೆ ಕಡೋಕಾವಾ ಹುಡುಕಬೇಡಿ, ಅದು ತೋಹೋ ಎಂಬ ಬೇರೆ ಸ್ಟುಡಿಯೋದ್ದು.