ಆ ಪತ್ರ ಬರೆದವರು ಯಾರು?

ನಮಸ್ಕಾರ.

ಹತ್ತೊಂಬತ್ತನೇ ಶತಮಾನದ ಆರ್ಕ್ಟಿಕ್ ಯಾನಗಳ ಸುದ್ದಿ ಪತ್ರಿಕೆಗಳಲ್ಲಿ ಹೇಗೆ ಬಂತು ಎಂಬ ನಿಮ್ಮ ಲೇಖನ ಓದಿದೆವು. ನೀವು ಪಟ್ಟ ಶ್ರಮ ಕಾಣುತ್ತದೆ, ಆದರೆ ಈಗಿರುವಂತೆ ಪ್ರಕಟಿಸಲಾರೆವು. ತೊಡಕಿರುವುದು, ಆರ್ಕ್ಟಿಕ್‌ನಲ್ಲಿ ಕಾಣೆಯಾದ ಬ್ರಿಟಿಷ್ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್ ಅವರ ತಂಡದ ಬಗ್ಗೆ ನೀವು ಬರೆದ ಈ ವಾಕ್ಯದಲ್ಲಿ: ‘ಫ್ರಾಂಕ್ಲಿನ್ ತಂಡದವರು ನರಮಾಂಸ ತಿಂದದ್ದನ್ನು ಟೈಮ್ಸ್ ವರದಿಗಾರ ಬಯಲಿಗೆಳೆದ.’

ಅಲ್ಲಿಗೆ ಟೈಮ್ಸ್‌ನ ವರದಿಗಾರ ಹೋಗಿರಲೇ ಇಲ್ಲ. 1854ರ ಅಕ್ಟೋಬರ್ 23ರಂದು ಲಂಡನ್ನಿನ ಆ ಪತ್ರಿಕೆಯಲ್ಲಿ ಅಚ್ಚಾದದ್ದು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಡಾ. ಜಾನ್ ರೇ ಬ್ರಿಟಿಷ್ ನೌಕಾ ಇಲಾಖೆಗೆ ಬರೆದ ಪತ್ರ. ಅದರ ಮೇಲಿದ್ದ ತಾರೀಖು ಜುಲೈ 29, ಸ್ಥಳ ಉತ್ತರ ಕೆನಡಾದ ರಿಪಲ್ಸ್ ಬೇ. ರೇ ಕೂಡ ಶವಗಳನ್ನು ಕಂಡವರಲ್ಲ. ಕಂಡವರಿಂದ ಕೇಳಿದ ಇನ್ಯೂಟ್ ಜನ, ಅಂದರೆ ಆರ್ಕ್ಟಿಕ್‌ನ ಮೂಲನಿವಾಸಿಗಳು, ಹೇಳಿದ್ದನ್ನು ದುಭಾಷಿಯ ಮೂಲಕ ತಿಳಿದು ಬರೆದರು. ಅವರ ಕೈಯಲ್ಲಿ ಇದ್ದದ್ದು ಇನ್ಯೂಟರಿಂದ ಕೊಂಡ ಬೆಳ್ಳಿ ಚಮಚ, ಫೋರ್ಕುಗಳು, ಫ್ರಾಂಕ್ಲಿನ್ ಹೆಸರು ಕೊರೆದ ಸಣ್ಣ ತಟ್ಟೆ. ಕೈಗೆ ಸಿಕ್ಕ ವಸ್ತು ಬೇರೆ, ಕಿವಿಗೆ ಬಿದ್ದ ಮಾತು ಬೇರೆ. ಎರಡನ್ನೂ ನೀವು ಒಂದೇ ವಾಕ್ಯದಲ್ಲಿ ಕಲಸಿದ್ದೀರಿ. ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸ್ ತಮ್ಮ ವಾರಪತ್ರಿಕೆಯಲ್ಲಿ ಇನ್ಯೂಟರ ಮಾತು ನಂಬಲರ್ಹವಲ್ಲ ಎಂದು ವಾದಿಸಿದ್ದನ್ನು ಬರೆದಿದ್ದೀರಿ. ಅದೇ ತಿಂಗಳು, ಅದೇ ಪತ್ರಿಕೆಯಲ್ಲಿ ಬಂದ ರೇ ಅವರ ಉತ್ತರ ಮಾತ್ರ ನಿಮ್ಮಲ್ಲಿಲ್ಲ. ಇದು ರೇ ಅವರಿಗೂ ಇನ್ಯೂಟರಿಗೂ ಮಾಡಿದ ಅನ್ಯಾಯ. 1990ರ ದಶಕದಲ್ಲಿ ಪರೀಕ್ಷಿಸಿದ ಫ್ರಾಂಕ್ಲಿನ್ ತಂಡದವರ ಮೂಳೆಗಳ ಮೇಲೆ ಚಾಕುವಿನ ಗುರುತುಗಳು ಸಿಕ್ಕು, ಇನ್ಯೂಟರ ಮಾತಿಗೆ ಪುಷ್ಟಿ ಬಂತು.

ಇನ್ನು ತಾರೀಖುಗಳು. ಮೂರು ಕಾಲಂ ಎಳೆಯಿರಿ: ಘಟನೆ ನಡೆದ ದಿನ, ಸುದ್ದಿ ಮುಟ್ಟಿದ ದಿನ, ಅಚ್ಚಾದ ದಿನ. ಫ್ರಾಂಕ್ಲಿನ್ ತೀರಿಕೊಂಡದ್ದು 1847ರ ಜೂನ್ 11ರಂದು. ಲಂಡನ್ನಿಗೆ ಅದು ಗೊತ್ತಾದದ್ದು ತಂಡವನ್ನು ಹುಡುಕಲು ಹೋದ ಮೆಕ್ಲಿಂಟಾಕ್ ಅವರ ಫಾಕ್ಸ್ ಹಡಗು ಮರಳಿದ ಮೇಲೆ, 1859ರ ಸೆಪ್ಟೆಂಬರಿನಲ್ಲಿ. ‘1847ರಲ್ಲಿ ಪತ್ರಿಕೆಗಳು ಶೋಕಿಸಿದವು’ ಎಂಬ ನಿಮ್ಮ ಸಾಲು ಈ ಕೋಷ್ಟಕ ಹಾಕಿದ್ದರೆ ಹುಟ್ಟುತ್ತಲೇ ಇರಲಿಲ್ಲ.

ರೇ ಪತ್ರದ ಸುದ್ದಿಯ ಬಗ್ಗೆ ‘ಹನ್ನೆರಡು ಪತ್ರಿಕೆಗಳು ಇದನ್ನು ದೃಢಪಡಿಸಿದವು’ ಎಂದಿದ್ದೀರಿ. ಆಗ ಒಂದು ಪತ್ರಿಕೆಯ ಸುದ್ದಿಯನ್ನು ಇನ್ನೊಂದು ಕತ್ತರಿಸಿ ಹಾಗೇ ಮರುಮುದ್ರಿಸುವುದು ರೂಢಿ. ಸ್ಥಳನಾಮದ ಅದೇ ಕಾಗುಣಿತ ತಪ್ಪು, ಪತ್ರವನ್ನು ಅದೇ ಜಾಗದಲ್ಲಿ ತುಂಡರಿಸಿದ್ದು ಕಂಡರೆ ಅವೆಲ್ಲ ಸೇರಿ ಒಂದೇ ಸಾಕ್ಷಿ. ಚಿತ್ರಗಳ ಬಗ್ಗೆಯೂ ಎಚ್ಚರ: ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನ ಹಿಮದ ದೃಶ್ಯಗಳು ಮರದ ಅಚ್ಚಿನವು, ನಿಮ್ಮ ಅಡಿಬರಹ ಹೇಳುವಂತೆ ಫೋಟೊಗಳಲ್ಲ.

ನ್ಯೂಯಾರ್ಕ್ ಹೆರಾಲ್ಡ್ ಬಗ್ಗೆ ಒಂದೇ ಮಾತು. 1879ರಲ್ಲಿ ಜೀನೆಟ್ ಹಡಗು ಕೈಗೊಂಡ ಆರ್ಕ್ಟಿಕ್ ಯಾನಕ್ಕೆ ಹಣ ಹಾಕಿದವರು ಆ ಪತ್ರಿಕೆಯ ಮಾಲೀಕ ಬೆನೆಟ್. ಇದನ್ನು ಓದುಗರಿಗೆ ಮೊದಲ ಉಲ್ಲೇಖದಲ್ಲೇ ತಿಳಿಸಿ.

ಆರಂಭದ ಮೂರು ಪ್ಯಾರಾಗಳ ಹಿಮಗಾಳಿ ತೆಗೆದುಬಿಡಿ. ಜೀನೆಟ್ ಭಾಗವನ್ನು ಬೇರೆ ಲೇಖನಕ್ಕೆ ಎತ್ತಿಡಿ. ರೇ ಪತ್ರವೊಂದನ್ನೇ ಹಿಡಿದು, ರಿಪಲ್ಸ್ ಬೇಯಿಂದ ಲಂಡನ್ನಿನ ಅಚ್ಚಿನ ಮೊಳೆಯವರೆಗೆ, 1,200 ಪದಗಳಲ್ಲಿ ಬರೆದು ಕಳಿಸಿ, ಓದುತ್ತೇವೆ.