21,000 ಜನ ಇದ್ದರೂ ಶೆರ್ಬೂರ್ ಬಂದರು ಒಂದು ವಾರ ನಿಲ್ಲಲಿಲ್ಲ ಯಾಕೆ?

ನೀವು ಕೇಳಿರುವುದು ಇಷ್ಟು: ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್‌ನಲ್ಲಿ, ಫ್ರಾನ್ಸಿನ ಉತ್ತರ ಕರಾವಳಿಯ ಶೆರ್ಬೂರ್ ಬಂದರನ್ನು ಅಮೆರಿಕನ್ನರಿಂದ ಕಾಯುತ್ತಿದ್ದ ಜರ್ಮನರು ಸುಮಾರು 21,000. ಸುತ್ತಲೂ ಕಾಂಕ್ರೀಟ್ ಕೋಟೆ. ಆದರೂ ವಾರದೊಳಗೆ ಊರು ಬಿತ್ತು. ಅಲ್ಲಿದ್ದ ಜರ್ಮನ್ 709ನೇ ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ದಳ) ಅಷ್ಟು ಕೈಲಾಗದ್ದೇ?

ಮೊದಲು ಆ ಲೆಕ್ಕವನ್ನೇ ಬಿಡಿಸಿ ನೋಡಬೇಕು. 21,000ದಲ್ಲಿ ನೌಕಾಪಡೆಯವರು, ವಿಮಾನನಿರೋಧಕ ಫಿರಂಗಿಯವರು, ಕಚೇರಿ ಗುಮಾಸ್ತರು, ಕೋಟೆ ಕಟ್ಟಲು ಬಂದ, ನಾಜಿ ಸರ್ಕಾರದ ನಿರ್ಮಾಣ ಸಂಸ್ಥೆಯಾದ ಟಾಟ್‌ನ ಕೆಲಸಗಾರರು ಎಲ್ಲರೂ ಸೇರಿದ್ದಾರೆ. ಕಾಲಾಳು ಸೈನಿಕರು ಅದರ ಒಂದು ಪಾಲು ಮಾತ್ರ.

ಇನ್ನು 709 'ಬೋಡನ್‌ಶ್ಟೆಂಡಿಗ್' ಡಿವಿಷನ್, ಅಂದರೆ ಕೂತಲ್ಲೇ ಕಾಯುವ ಪಡೆ. 1941ರಲ್ಲಿ ಕಟ್ಟಿದ್ದು. ಸೈನಿಕರ ಸರಾಸರಿ ವಯಸ್ಸು 36ರ ಆಸುಪಾಸು. ಲಾರಿಗಳು ಇಲ್ಲವೆಂದೇ ಹೇಳಬೇಕು. ಕುದುರೆಗಾಡಿ, ಸೈಕಲ್ಲಿನ ಮೇಲೆ ಸಾಗಾಟ. ಸೋವಿಯತ್ ಸೆರೆಯಾಳುಗಳಿಂದ ಕಟ್ಟಿದ 'ಪೂರ್ವದ' ಬೆಟಾಲಿಯನ್‌ಗಳನ್ನೂ ಸೇರಿಸಿದ್ದರು. 795ನೆಯದು ಜಾರ್ಜಿಯಾದವರದ್ದು. ಇವರು ಫ್ರಾನ್ಸಿನಲ್ಲಿ ಅಮೆರಿಕನ್ನರ ವಿರುದ್ಧ ಜರ್ಮನಿಗಾಗಿ ಯಾಕೆ ಸಾಯಬೇಕು? ಡಿವಿಷನ್ನಿನ ದಂಡನಾಯಕ ಕಾರ್ಲ್ ವಿಲ್ಹೆಲ್ಮ್ ಫಾನ್ ಶ್ಲೀಬೆನ್ ತಾನೇ ಈ ಸಂಶಯ ಹೇಳಿಕೊಂಡಿದ್ದ.

ಬಂದರಿನ ಕಾಳಗಕ್ಕೆ ಮೊದಲೇ ಡಿವಿಷನ್ ಸವೆದುಹೋಗಿತ್ತು. ಜೂನ್ 6ರಂದು ಅಮೆರಿಕನ್ನರು ನಾರ್ಮಂಡಿಯಲ್ಲಿ ಬಂದಿಳಿದ ಯೂಟಾ ಕಡಲತೀರದಲ್ಲಿ ಪೆಟ್ಟು ತಿಂದದ್ದು ಇದರದೇ 919ನೇ ರೆಜಿಮೆಂಟ್. ಜೂನ್ 18ರಂದು ಅಮೆರಿಕನ್ 9ನೇ ಡಿವಿಷನ್ ಪಶ್ಚಿಮ ಕರಾವಳಿ ಮುಟ್ಟಿ, ಶೆರ್ಬೂರ್ ಇರುವ ಕೊಟೆಂಟಿನ್ ಪರ್ಯಾಯದ್ವೀಪವನ್ನು ಅಡ್ಡಕ್ಕೆ ಸೀಳಿತು. ಬೇಗ ಹಿಂದೆ ಸರಿದು ಬಂದರಿನ ಸುತ್ತ ನೆಲೆ ಭದ್ರಪಡಿಸಿಕೊಳ್ಳಬೇಕಿತ್ತು. ಹಿಟ್ಲರ್ ಮಾತ್ರ ಸಾಧ್ಯವಾದಷ್ಟು ದಕ್ಷಿಣದಲ್ಲೇ ನಿಲ್ಲಿ ಎಂದ. ಆ ಕೆಲವು ದಿನಗಳೇ ಶೆರ್ಬೂರನ್ನು ಮುಳುಗಿಸಿದವು ಎಂಬುದು ನನ್ನ ಅಭಿಪ್ರಾಯ.

ಊರಿನ ದಕ್ಷಿಣದ ಬೆಟ್ಟದ ಸಾಲಿನಲ್ಲಿ ಶ್ಲೀಬೆನ್ ಉಳಿದವರನ್ನು ನಾಲ್ಕು ಗುಂಪು ಮಾಡಿದ. ಅವುಗಳ ಮುಖ್ಯಸ್ಥರು ಪಶ್ಚಿಮದಿಂದ ಪೂರ್ವಕ್ಕೆ ಕೈಲ್, ಮ್ಯೂಲರ್, ಕ್ಯೋನ್, ರೋರ್‌ಬಾಖ್. ಇವರಲ್ಲಿ ಮ್ಯೂಲರನದು 243ನೇ ಡಿವಿಷನ್ನಿನಿಂದ ಉಳಿದ ರೆಜಿಮೆಂಟ್. ನೆಲದ ಕಡೆಯ ಕೋಟೆಸಾಲು ಪೂರ್ತಿ ಮುಗಿದಿರಲಿಲ್ಲ. ದೊಡ್ಡ ಫಿರಂಗಿಗಳೆಲ್ಲ ಕಡಲಿಗೆ ಮುಖಮಾಡಿದ್ದವು. ಅವು ಕೆಲಸಕ್ಕೆ ಬಾರದವಲ್ಲ. ಜೂನ್ 25ರಂದು ಹ್ಯಾಂಬರ್ಗ್ ಎಂಬ ಫಿರಂಗಿ ನೆಲೆಯ 240 ಮಿ.ಮೀ. ಗುಂಡು ಅಮೆರಿಕದ ಟೆಕ್ಸಾಸ್ ಯುದ್ಧನೌಕೆಗೇ ಬಡಿಯಿತು. ಆದರೆ ಶತ್ರು ಬಂದದ್ದು ಬೆನ್ನ ಕಡೆಯಿಂದ.

ಅಮೆರಿಕನ್ ಜನರಲ್ ಕಾಲಿನ್ಸ್‌ನ ಏಳನೇ ಕೋರ್ (ಹಲವು ಡಿವಿಷನ್‌ಗಳ ಪಡೆ) ಶರಣಾಗಲು ಜೂನ್ 22ರ ಬೆಳಿಗ್ಗೆ 9ರ ಗಡುವು ಕೊಟ್ಟಿತು. ಉತ್ತರ ಬರಲಿಲ್ಲ. ಮಧ್ಯಾಹ್ನ ಬಾಂಬು ಸುರಿದು (ಒಂದಷ್ಟು ಅಮೆರಿಕನ್ನರ ಮೇಲೇ ಬಿದ್ದವು) 4, 79, 9ನೇ ಡಿವಿಷನ್‌ಗಳು ನುಗ್ಗಿದವು. ಊರಿನ ನೆತ್ತಿಯ ಮೇಲಿದ್ದ ರೂಲ್ ಕೋಟೆಯ ಮೇಲ್ಭಾಗ 25ರಂದು 79ನೆಯದರ ಕೈಗೆ ಬಂತು. ಕೆಳಗಿನ ಅಂತಸ್ತಿನ ಫಿರಂಗಿಗಳು ಮರುದಿನವೂ ಗುಂಡು ಹಾರಿಸುತ್ತಿದ್ದುದರಿಂದ ಮೇಲಿನಿಂದ ಸಿಡಿಮದ್ದು ಇಳಿಬಿಟ್ಟು ಬಾಯಿ ಮುಚ್ಚಿಸಬೇಕಾಯಿತು.

26ರಂದು ಶ್ಲೀಬೆನ್ ಮತ್ತು ಜರ್ಮನ್ ನೌಕಾಪಡೆಯ ಅಡ್ಮಿರಲ್ ಹೆನೆಕೆ ಸುಮಾರು 800 ಜನರೊಂದಿಗೆ ತಾವು ಅಡಗಿದ್ದ ಸುರಂಗದಿಂದ ಹೊರಬಂದು ಶರಣಾದರು. ಇಡೀ ಪಡೆಗೆ ಶರಣಾಗುವ ಆಜ್ಞೆ ಕೊಡಲು ಮಾತ್ರ ಶ್ಲೀಬೆನ್ ಒಪ್ಪಲಿಲ್ಲ. ಹಾಗಾಗಿ ಶಸ್ತ್ರಾಗಾರ 27ಕ್ಕೆ, ಬಂದರಿನ ಹೊರಗೋಡೆಯ ಕೋಟೆಗಳು 29ಕ್ಕೆ ಬಿದ್ದವು.

ಇಷ್ಟು ಓದಿ ಜರ್ಮನರು ಸುಮ್ಮನೆ ಸೋತರು ಅಂದುಕೊಳ್ಳಬೇಡಿ. ಅಮೆರಿಕನ್ನರಿಗೆ ಬೇಕಿದ್ದದ್ದು ಊರಲ್ಲ, ಹಡಗಿನ ಸರಕು ಇಳಿಸುವ ಧಕ್ಕೆ. ಅದರಲ್ಲೂ ಜೂನ್ 19ರಿಂದ 22ರ ಬಿರುಗಾಳಿ ಒಮಾಹಾ ಕಡಲತೀರದಲ್ಲಿ ಅಮೆರಿಕನ್ನರು ಕಟ್ಟಿಕೊಂಡಿದ್ದ ಕೃತಕ ಬಂದರನ್ನು ಮುರಿದು ಹಾಕಿದ ಮೇಲೆ. ಬೆಟ್ಟದಲ್ಲಿ ಸೈನಿಕರು ಸಾಯುತ್ತಿದ್ದಾಗ ಹೆನೆಕೆಯ ಜನ ಕ್ರೇನುಗಳನ್ನು ಉರುಳಿಸಿ, ಹಡಗುಗಳನ್ನು ಅಡ್ಡ ಮುಳುಗಿಸಿ, ಸಾಗರಯಾನದ ಹಡಗು ನಿಲ್ಲುವ ಆಳದ ಕೊಳಕ್ಕೆ ಸುಮಾರು 15,000 ಘನ ಮೀಟರ್ ಕಲ್ಲುಗಾರೆ ಕೆಡವಿದರು. ನೀರೊಳಗಿನ ಮೈನುಗಳಂತೂ ಪೀಡೆ: ಕೆಲವು ಅಯಸ್ಕಾಂತಕ್ಕೆ, ಕೆಲವು ಸದ್ದಿಗೆ ಸಿಡಿಯುವಂಥವು, ಹಡಗು ಹಲವು ಸಲ ಹಾದ ಮೇಲಷ್ಟೇ ಸಿಡಿಯುವಂತೆ ಎಣಿಕೆ ಕೂರಿಸಿದವೂ ಇದ್ದವು. ಒಂದು ಸಲ ಗುಡಿಸಿದ ದಾರಿಯನ್ನೇ ಮತ್ತೆ ಮತ್ತೆ ಗುಡಿಸದೆ ವಿಧಿಯಿರಲಿಲ್ಲ.

ಊರು ಕೈಗೆ ಬಂದ ಮೂರು ದಿನಕ್ಕೆ ಬಂದರು ನಡೆಸುವುದು ಅಮೆರಿಕನ್ ಯೋಜನೆಯಾಗಿತ್ತು. ಮೊದಲ ಸರಕು ಇಳಿದದ್ದು ಜುಲೈ 16ರಂದು, ಅದೂ ಹೊರಗೆ ಲಂಗರು ಹಾಕಿದ ಹಡಗುಗಳಿಂದ, ನೀರಲ್ಲೂ ನೆಲದಲ್ಲೂ ಓಡುವ ಲಾರಿಗಳ ಮೇಲೆ.